ಆಕಾಶಕ್ಕೆಷ್ಟು ದನಿ ಬೇಕು?

ಯಳಂದೂರಿನ ಗೊಬ್ಬರದಂಗಡಿ ಶಿವಕುಮಾರಸ್ವಾಮಿಯವರಿಗೆ ಫೋನಿನ ವಿಷಯದಲ್ಲಿ ಒಂದು ಸಿದ್ಧಾಂತವಿತ್ತು. ದೂರ ಹೆಚ್ಚಿದಷ್ಟೂ ದನಿ ಹೆಚ್ಚಬೇಕು. ಕೊಳ್ಳೇಗಾಲಕ್ಕಾದರೆ ಕೂತಲ್ಲಿಂದಲೇ ಮಾತಾಡುತ್ತಿದ್ದರು. ಮೈಸೂರಿಗೆ ಎದ್ದು ನಿಲ್ಲುತ್ತಿದ್ದರು. ಬೆಂಗಳೂರಿಗೆ ಅಂಗಡಿಯ ಬಾಗಿಲಿಗೆ ಬಂದು ಉತ್ತರಕ್ಕೆ ಮುಖ ಮಾಡಿಕೊಳ್ಳುತ್ತಿದ್ದರು. ಒಮ್ಮೆ ದುಬೈನಲ್ಲಿದ್ದ ದೂರದ ನೆಂಟನೊಬ್ಬ ತಂಗಿಯ ಮದುವೆಗೆ ಕರೆದಾಗ, ತಮಗೆ ಯಾಕೆ ಬರಲಾಗುವುದಿಲ್ಲ ಎಂಬುದನ್ನು ಇವರು ರಸ್ತೆಯ ನಡುವೆ ನಿಂತು ವಿವರಿಸಿದರು. ಬಸ್ ನಿಲ್ದಾಣದಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಆ ಕಾರಣವನ್ನು ತಿಳಿದುಕೊಂಡರು. ಅದು ಸುಳ್ಳು ಕಾರಣವೆಂಬುದು ನಮಗೆಲ್ಲ ಮೊದಲೇ ಗೊತ್ತಿತ್ತು.

ಇಂಥವರ ಮಗಳು ಸೌಮ್ಯ. ಒಬ್ಬಳೇ ಮಗಳು. ಪಕ್ಕದ ಕೋಣೆಯಲ್ಲಿ ಕೂಸು ಮಲಗಿದೆಯೇನೋ ಎಂಬಂತೆ ಮಾತಾಡುವ ಹುಡುಗಿ. ಕೊಳ್ಳೇಗಾಲದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎಸ್ಸಿ. ಮುಗಿಸಿ, ಏರ್ ಟ್ರಾಫಿಕ್ ಕಂಟ್ರೋಲರ್ ಕೆಲಸದ ಪರೀಕ್ಷೆಗೆ ಕೂತಿದ್ದಳು. ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಬರವಣಿಗೆಯ ಪರೀಕ್ಷೆ ಪಾಸಾಯಿತು. ಇನ್ನು ಚೆನ್ನೈಗೆ ಹೋಗಿ ಮೂಲ ಸರ್ಟಿಫಿಕೇಟುಗಳನ್ನು ತೋರಿಸಬೇಕು, ಅಲ್ಲೇ ವಾಯ್ಸ್ ಟೆಸ್ಟ್ ಎಂಬ ದನಿ ಪರೀಕ್ಷೆ ಕೊಡಬೇಕು.

ಇದರ ಹಿಂದೆ ಒಂದು ಗಡುವೂ ಇತ್ತು. ಶಿವಕುಮಾರಸ್ವಾಮಿಯವರ ಅಕ್ಕ, ರಾಮಾಪುರದ ಗುರುಬಸಮ್ಮನವರು, ತೀರ್ಪು ಕೊಟ್ಟಾಗಿತ್ತು: "ಈ ಸಲ ಆಗ್ನಿಲ್ಲ ಅಂದ್ರ ಕೊಳ್ಳೇಗಾಲದ ರೇಷ್ಮೆ ಅಂಗ್ಡಿಯೋರ್ಗ ಊ ಅಂದ್ಬುಡಾದು. ವರ ಎಷ್ಟ್ ದಿವ್ಸ ಕಾಯ್ತನ?" ಊರಿಗೆಲ್ಲ ಕೇಳುವಂತೆ ಮಾತಾಡುವ ಶಿವಕುಮಾರಸ್ವಾಮಿಯವರಿಗೆ ಅಕ್ಕನ ಎದುರು ಮಾತ್ರ ದನಿ ಏಳುತ್ತಿರಲಿಲ್ಲ. ಹೀಗಾಗಿ ಮಗಳ ಭವಿಷ್ಯವೆಲ್ಲ ಆ ಒಂದು ದನಿ ಪರೀಕ್ಷೆಯ ಮೇಲೆ ನಿಂತಿತು.

ಬರವಣಿಗೆಯ ಪರೀಕ್ಷೆ ಪಾಸಾದ ಸುದ್ದಿ ಬಂದ ದಿನ ಅವರು ಅಂಗಡಿಯ ಎದುರಿನ ಚೆನ್ನಯ್ಯನ ಟೀ ಅಂಗಡಿಯಲ್ಲಿ ಎಲ್ಲರಿಗೂ ಟೀ ಕೊಡಿಸಿದರು.

"ಏನ್ ಸಾ, ಮಗಳು ವಿಮಾನ ಓಡ್ಸಾದಾ?" ಎಂದ ಚೆನ್ನಯ್ಯ.

"ಓಡ್ಸೋರ್ಗ ಹೇಳಾದು ಕಣಯ್ಯ. ಏರು, ಇಳಿ, ತಡಿ ಅಂತ. ನಮ್ಮ್ ಸೌಮ್ಯ ಊ ಅನ್ನಗಂಟ ವಿಮಾನ ನೆಲ ಮುಟ್ಟಂಗಿಲ್ಲ."

"ಅದು ಎಷ್ಟ್ ಎತ್ರದಾಗ ಇರ್ತದ ಸಾ?"

"ಮೂವತ್ತ್ ಸಾವ್ರ ಅಡಿ."

ಚೆನ್ನಯ್ಯ ಸೋಸುತ್ತಿದ್ದ ಟೀಯನ್ನು ಅಲ್ಲಿಗೇ ನಿಲ್ಲಿಸಿದ. "ಅಷ್ಟೆತ್ರಕ ಆ ಕೂಸಿನ ದನಿ ಓಯ್ತದಾ?"

ಅಲ್ಲಿದ್ದವರೆಲ್ಲ ಮೇಲೆ ನೋಡಿದರು. ಶಿವಕುಮಾರಸ್ವಾಮಿಯವರೂ ನೋಡಿದರು. ಕೊಳ್ಳೇಗಾಲಕ್ಕೆ ಇಷ್ಟು, ಬೆಂಗಳೂರಿಗೆ ಇಷ್ಟು ಎಂದು ಲೆಕ್ಕ ಹಾಕಿದ್ದ ಮನುಷ್ಯ ನೆಟ್ಟಗೆ ಮೇಲಕ್ಕೆ ಎಷ್ಟು ಎಂದು ಎಂದೂ ಯೋಚಿಸಿರಲಿಲ್ಲ. ಟೀ ಕುಡಿಯದೆ ಮನೆಗೆ ಹೋದರು.

"ಮೈಕ್ ಇರ್ತದ ಅಪ್ಪಾಜಿ," ಎಂದಳು ಸೌಮ್ಯ. "ರೇಡಿಯೋದಲ್ಲಿ ಮಾತಾಡಾದು."

"ಕರೆಂಟ್ ಓದ್ರ?"

"ಜನರೇಟರ್ ಇರ್ತದ."

"ಡೀಸಲ್ ಮುಗಿದ್ರ?"

ಯಳಂದೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ತಮಾಷೆಯ ಪ್ರಶ್ನೆಯಲ್ಲ. ಪಂಪ್‌ಸೆಟ್ಟಿನ ಕರೆಂಟಿಗಾಗಿ ಗದ್ದೆಯ ಬದುವಿನ ಮೇಲೆ ಕೂತು ಕಾದವರಿಗೆ ಸರ್ಕಾರದ ಯಾವ ತಂತಿಯ ಮೇಲೂ ಅಷ್ಟು ನಂಬಿಕೆ ಬರುವುದಿಲ್ಲ. ಇಲ್ಲಿ ಕರೆಂಟ್ ಹೋದರೆ ನೀರು ನಿಲ್ಲುತ್ತದೆ. ಅಲ್ಲಿ ಹೋದರೆ ಇನ್ನೂರು ಜನ ಮೇಲೆ ನಿಂತಿರುತ್ತಾರೆ. ಆಗ ಯಾರಾದರೂ ಹೊರಗೆ ಬಂದು ಕೂಗಲೇಬೇಕಲ್ಲ!

"ಅವ್ರು ದನಿ ಎಷ್ಟು ದೊಡ್ಡದು ಅಂತ ನೋಡಲ್ಲ ಅಪ್ಪಾಜಿ. ತೊದಲು ಅದ್ಯಾ, ಮಾತು ಸ್ಪಷ್ಟ ಅದ್ಯಾ ಅಂತ ನೋಡ್ತಾರ. ಒಂದು ಪ್ಯಾರಾ ಓದಿಸ್ತಾರ, ಅಷ್ಟೇ."

"ಸ್ಪಷ್ಟ ಅಂದ್ರ ಜೋರು ತಾನ?" ಎಂದವರೇ ರಾಮಾಪುರಕ್ಕೆ ಫೋನ್ ಮಾಡಲು ಎದ್ದು ನಿಂತರು.

ರಾಮಾಪುರವೇ ಯಾಕೆ ಎಂದರೆ, ಅದು ಕಾಡಿನ ಅಂಚು. ಅಲ್ಲಿ ದನಿಗೆ ಬೆಲೆಯುಂಟು. ಗುರುಬಸಮ್ಮನವರ ಜೋಳದ ಹೊಲ ಕಾಯುವ ಚಿಕ್ಕಮಾದಪ್ಪ ಅಟ್ಟಣೆಯ ಮೇಲೆ ನಿಂತು ಒಂದು ಸಲ ಹೋಯ್ ಎಂದರೆ ಹಂದಿಗಳು ಪಕ್ಕದ ಹೊಲ ಬಿಟ್ಟು ಅದರಾಚೆಯ ಹೊಲಕ್ಕೆ ಹೋಗುತ್ತಿದ್ದವು. ಆನೆ ಕೂಡ ಅವನ ದನಿಗೆ ಕಿವಿ ಮಡಿಚಿ ನಿಲ್ಲುತ್ತದೆ ಎಂದು ಹೆಸರಿತ್ತು. ಕೇಳಿಸಿಕೊಳ್ಳದೆಯೇ ಬೆಳೆ ತಿಂದುಹೋದ ಆನೆಗಳ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ. ಇಂಥ ಗುರುವಿನ ಹತ್ತಿರ ಮಗಳನ್ನು ಪಾಠಕ್ಕೆ ಬಿಡಲು ಶಿವಕುಮಾರಸ್ವಾಮಿಯವರು ಹೊರಟರು. ಸೌಮ್ಯ ಪುಸ್ತಕ ಚೀಲಕ್ಕೆ ಹಾಕಿಕೊಂಡು ಹಿಂದೆ ಬಂದಳು. ಅಪ್ಪನಿಗೆ ಇಲ್ಲ ಎನ್ನುವುದಕ್ಕಿಂತ ಬಸ್ಸಿನಲ್ಲಿ ಓದುವುದು ಸುಲಭವೆಂದು ಅವಳಿಗೆ ಅನುಭವದಿಂದ ಗೊತ್ತಿತ್ತು.

ಸಂಜೆಯ ಹೊತ್ತಿಗೆ ಅಟ್ಟಣೆ ಹತ್ತಿದರು. ಚಿಕ್ಕಮಾದಪ್ಪ ಟವೆಲ್ ಬಿಗಿದು ಪಾಠ ಶುರುಮಾಡಿದ. "ಗಂಟ್ಲಿಂದ ಬ್ಯಾಡ ಅವ್ವಾರೆ. ಕಿಬ್ಬೊಟ್ಟೆಯಿಂದ ಬರ್ಲಿ. ಎದ್ರಿಗಿರಾ ಗುಡ್ಡ ನಿಮ್ಗ ಬೈದದ ಅಂದ್ಕಳಿ. ಈಗ ಕೂಗಿ."

ಸೌಮ್ಯ ಅಪ್ಪನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ, "ಓ" ಎಂದಳು.

ಅಟ್ಟಣೆಯ ಕಂಬದ ಮೇಲೆ ಕೂತಿದ್ದ ಗೊರವಂಕವೊಂದು ತಿರುಗಿ ನೋಡಿ ಮತ್ತೆ ರೆಕ್ಕೆ ಕೆರೆದುಕೊಳ್ಳತೊಡಗಿತು.

ಚಿಕ್ಕಮಾದಪ್ಪ ಬಿಗಿದಿದ್ದ ಟವೆಲ್ ಬಿಚ್ಚಿದ. "ತಪ್ಪು ತಿಳ್ಕಬ್ಯಾಡಿ ಸಾ. ಈ ದನಿಗ ಹಂದಿ ಓಡಾಕಿಲ್ಲ. ಬಂದು ಪಕ್ಕದಾಗ ಮನೀಕತ್ತದ."

ಗುರುಬಸಮ್ಮನವರು ಮಂಡಿ ಹಿಡಿದುಕೊಂಡು ಅಟ್ಟಣೆಯ ಕೆಳಗೇ ಕೂತಿದ್ದರು. ವರ ಕಾಯುತ್ತಿದ್ದಾನೆಂದು ಗಡುವು ಕೊಟ್ಟವರೂ ಅವರೇ, ತಮ್ಮನ ಮಗಳು ಸೋತಳೆಂದು ಯಾರಾದರೂ ಅಂದರೆ ಜಗಳಕ್ಕೆ ನಿಲ್ಲುವವರೂ ಅವರೇ. "ಮನ್ಸನ ಕೈಲಿ ಆಗಾ ಕೆಲ್ಸ ಅಲ್ಲ ಇದು. ಮಾದಪ್ಪಂಗ ಹರಕ ಕಟ್ಕಳಿ. ತಾಳಬೆಟ್ಟದಿಂದ ನಡ್ಕಂಡ್ ಓಗಿ. ಒಂದೊಂದ್ ತಿರುವಿಗೂ ಉಘೇ ಅಂತ ಕೂಗ್ಲಿ. ಬೆಟ್ಟ ಏರಾದ್ರೊಳ್ಗ ಗಂಟ್ಲು ಬಿಟ್ಕತದ."

ನಮ್ಮ ಕಡೆ ಇದನ್ನು ಮೀರಿ ಮಾತಿಲ್ಲ. ಮಲೆ ಮಹದೇಶ್ವರ ಬೆಟ್ಟಕ್ಕೆ ಬಾಯಿ ಮುಚ್ಚಿಕೊಂಡು ಹತ್ತಿದವರನ್ನು ಯಾರೂ ಕಂಡಿಲ್ಲ. ಮಾರನೆಯ ಬೆಳಿಗ್ಗೆ ಅಪ್ಪ ಮಗಳು ಬೆಟ್ಟದ ಬುಡದ ತಾಳಬೆಟ್ಟದಲ್ಲಿ ಬಸ್ಸಿಳಿದು, ನಡೆದು ಹೋಗುವ ಗುಂಪೊಂದನ್ನು ಸೇರಿಕೊಂಡರು. ಗುರುಬಸಮ್ಮನವರು ಮಂಡಿನೋವಿನಿಂದಾಗಿ ಬಸ್ಸಿನಲ್ಲೇ ಮುಂದೆ ಹೋದರು. ಹೋಗುವ ಮೊದಲು ಕಿಟಕಿಯಿಂದ ತಲೆ ಹಾಕಿ, "ಕೂಗ್ನಿಲ್ಲ ಅಂದ್ರ ಹರಕ ಸಲ್ಲಾದಿಲ್ಲ!" ಎಂದರು.

ಗುಂಪಿನ ಮುಂದಿದ್ದವರು "ಉಘೇ ಮಾದಪ್ಪಾ ಉಘೇ!" ಎಂದರು. ಹಿಂದಿದ್ದವರೂ ಎಂದರು. ಸೌಮ್ಯ ಕೈಮುಗಿದಳು. ಅವಳ ತುಟಿ ಆಡಿತು, ದನಿ ಅವಳ ಪಕ್ಕದವರಿಗೂ ಕೇಳಲಿಲ್ಲ.

"ಅಪ್ಪಾಜಿ, ವಾರದಲ್ಲಿ ಪರೀಕ್ಷೆ ಅದ. ಈಗ ಕೂಗಿದ್ರ ಗಂಟಲು ಕಟ್ಟೋಯ್ತದ. ಮಾದಪ್ಪ ಮನಸ್ಸಲ್ಲಿ ಅಂದ್ರೂ ಕೇಳಿಸ್ಕತಾನ."

ಶಿವಕುಮಾರಸ್ವಾಮಿಯವರು ಇಕ್ಕಟ್ಟಿಗೆ ಸಿಕ್ಕಿದರು. ಮಗಳ ಮಾತಿನಲ್ಲಿ ನ್ಯಾಯವಿತ್ತು. ಅಕ್ಕನ ಮಾತಿನಲ್ಲಿ ದೇವರಿದ್ದ. ಕೊನೆಗೆ ಒಂದು ದಾರಿ ಹೊಳೆಯಿತು. ಹರಕೆಯ ಮುಡಿಯನ್ನು ಮಗುವಿನ ಬದಲು ತಂದೆ ಕೊಡುವುದುಂಟು; ಹಾಗಿದ್ದ ಮೇಲೆ ಮಗಳ ಬದಲು ತಂದೆ ಕೂಗಿದರೆ ತಪ್ಪೇನು? ತಮ್ಮ ಪಾಲಿನದೊಂದು, ಮಗಳ ಪಾಲಿನದೊಂದು. ಮಗಳ ಪಾಲಿನದು ಮೂವತ್ತು ಸಾವಿರ ಅಡಿಯದಾದ್ದರಿಂದ ಅದನ್ನು ಕತ್ತು ಮೇಲೆತ್ತಿ ಕೂಗತೊಡಗಿದರು. ಗುಂಪಿನವರು ಇಂಥ ಭಕ್ತಿಯನ್ನು ಕಂಡಿರಲಿಲ್ಲ. ಮುದುಕಿಯೊಬ್ಬಳು ಅವರ ಕಾಲಿಗೇ ಬಿದ್ದಳು. ದಾರಿಯ ನಡುವಿನ ಆನೆತಲೆದಿಂಬದವರೆಗೆ ಕಾಡೆಲ್ಲ ಗುಡುಗಿತು. ಅಲ್ಲಿಂದ ಮುಂದೆ ದನಿ ಒಡೆಯಿತು. ಆಮೇಲೆ ಉಘೇಯಲ್ಲಿ 'ಘೇ' ಮಾತ್ರ ಉಳಿಯಿತು. ಬೆಟ್ಟದ ಮೇಲೆ ದೇವರ ಎದುರು ನಿಂತು ಬಾಯಿ ತೆರೆದಾಗ ಗಾಳಿಯೊಂದೇ ಬಂತು.

"ಕೂಗಾದೆಲ್ಲ ಆಯ್ತಾ?" ಎಂದು ಗುರುಬಸಮ್ಮನವರು ಕೇಳಿದರು. ತಮ್ಮ ಹೌದೆಂಬಂತೆ ತಲೆಯಾಡಿಸಿದ. ಯಾರು ಕೂಗಿದರೆಂದು ಅವರು ಕೇಳಲೂ ಇಲ್ಲ, ಹೇಳಲು ಇವನಿಗೆ ಬಾಯಿಯೂ ಇರಲಿಲ್ಲ.

ಯಳಂದೂರಿನ ಡಾಕ್ಟರು ಗಂಟಲೊಳಗೆ ಟಾರ್ಚ್ ಬಿಟ್ಟು ನೋಡಿ, "ಮಾತೇ ಆಡಬಾರದು. ಪಿಸುಗುಟ್ಟಲೂಬಾರದು. ನಾನು ಹೇಳುವತನಕ," ಎಂದರು. ಹೆಂಡತಿ ಪುಟ್ಟಮ್ಮಣ್ಣಿ "ಇನ್ನೊಂದ್ಸಲ ಹೇಳಿ ಡಾಕ್ಟ್ರೆ" ಎಂದು ಕೇಳಿ ಗಟ್ಟಿ ಮಾಡಿಕೊಂಡರು.

ಆ ವಾರ ನಮ್ಮ ಬೀದಿಯಲ್ಲಿ ಏನೋ ಕಳೆದುಹೋದಂತಿತ್ತು. ಹಿಂದಿನ ಮನೆಯ ಕೂಸು ಮಧ್ಯಾಹ್ನ ಮಲಗುವುದನ್ನು ಕಲಿಯಿತು. ಗೊಬ್ಬರಕ್ಕೆ ಬಂದವರು ಅಂಗಡಿ ಮುಚ್ಚಿದೆಯೆಂದುಕೊಂಡು ಮುಂದೆ ಹೋಗಿ, ಮತ್ತೆ ಹಿಂದಿರುಗಿ ಬಂದರು. ಚೆನ್ನಯ್ಯನಿಗಂತೂ ಊಟ ಸೇರಲಿಲ್ಲ. "ಸಾ ಬೈದ್ರೂ ಪರ್ವಾಗಿಲ್ಲ, ಸುಮ್ನ ಕುಂತ್ರ ಭಯ ಆಯ್ತದ," ಎಂದು ಎಲ್ಲರ ಹತ್ತಿರವೂ ಹೇಳಿಕೊಂಡ.

ವ್ಯಾಪಾರ ನಿಲ್ಲದ ಹಾಗೆ ಮಾಡಿದವಳು ಸೌಮ್ಯ. "ಪೈಲಟ್ಟಿನ ರೇಡಿಯೋ ಕೆಟ್ಟು ಮಾತು ಬರದೆ, ಕಿವಿ ಮಾತ್ರ ಕೇಳ್ತಿದ್ರ, ವಿಮಾನದ ರೆಕ್ಕೆ ಅಲ್ಲಾಡಿಸಿ ಗೊತ್ತಾಯ್ತು ಅಂತಾನ ಅಪ್ಪಾಜಿ. ನಿಮ್ಗ ರೆಕ್ಕೆ ಇಲ್ಲ. ಮೇಜು ಬಡೀರಿ. ಒಂದು ಬಡಿತ ಹೌದು, ಎರಡು ಬಡಿತ ಇಲ್ಲ." ಆಮೇಲೆ ಯೂರಿಯಾ ಬಂದಿದೆಯಾ ಎಂದರೆ ಮೇಜಿನ ಮೇಲೆ ಎರಡು ಬಡಿತ. ನಾಳೆ ಬರುತ್ತಾ ಎಂದರೆ ಸ್ವಲ್ಪ ತಡೆದು ಮತ್ತೆ ಎರಡು. ರಾಮಾಪುರದಿಂದ ಅಕ್ಕ ಫೋನ್ ಮಾಡಿದಾಗಲೂ ಫೋನಿನ ಬೆನ್ನು ಬಡಿದೇ ಉತ್ತರ. ಅಕ್ಕ ಬಹಳ ಬೇಗ ಕಲಿತರು. ಉತ್ತರ ಚಿಕ್ಕದಾದಷ್ಟೂ ತಮಗೆ ಮಾತಾಡಲು ಜಾಗ ಹೆಚ್ಚು ಎಂದು ಅವರಿಗೆ ಗೊತ್ತಾಯಿತು.

ಮೂಕನಾದವನನ್ನು ಚೆನ್ನೈಗೆ ಜೊತೆಗೆ ಕಳಿಸುವುದು ಬೇಡವೆಂದು ಪುಟ್ಟಮ್ಮಣ್ಣಿ ಹೇಳಿದರು. ಶಿವಕುಮಾರಸ್ವಾಮಿಯವರು ಎರಡು ಸಲ ಬಡಿದರು. ಗಡಿಯ ಹಳ್ಳಿಗಳಿಗೆ ಗೊಬ್ಬರ ಮಾರಿ ತಮಗೆ ತಮಿಳು ನೀರು ಕುಡಿದಂತೆ ಬರುತ್ತದೆಂದು ಅವರು ವರ್ಷಗಳಿಂದ ಹೇಳಿಕೊಂಡು ಬಂದಿದ್ದರು. ಅದನ್ನು ತೋರಿಸುವ ಕಾಲ ಬಂದಾಗ ಬಾಯಿ ಹೋಗಿತ್ತು, ಅಷ್ಟೇ. ಹೆಂಡತಿ ದೊಡ್ಡ ಫೋನನ್ನು ಕಿತ್ತುಕೊಂಡು, "ಅಲ್ಲಿ ಕದ್ಬುಡ್ತಾರ" ಎಂದು ಹಳೆಯ ಬಟನ್ ಫೋನ್ ಕೊಟ್ಟರು. ಚೆನ್ನಯ್ಯ ಸರ್ಟಿಫಿಕೇಟಿನ ಚೀಲವನ್ನು ಅವರ ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಹಾಕಿ, "ಸಾ, ನಿದ್ದೆಲೂ ತಗೀಬ್ಯಾಡಿ" ಎಂದ. ಮೈಸೂರಿನಿಂದ ಹೊರಟ ರೈಲಿನಲ್ಲಿ ಅವರು ಅದನ್ನು ತೆಗೆಯಲೂ ಇಲ್ಲ, ನಿದ್ದೆ ಮಾಡಲೂ ಇಲ್ಲ.

ಮುಂದಿನದು ಸೌಮ್ಯ ಬಂದು ನಮಗೆ ಹೇಳಿದ್ದು.

ಕಚೇರಿ ಚೆನ್ನೈ ವಿಮಾನ ನಿಲ್ದಾಣದ ಹತ್ತಿರವೇ ಇತ್ತು. ಜೊತೆಗೆ ಬಂದವರು ಗೇಟಿನ ಹೊರಗೆ ಮರದ ಕೆಳಗಿನ ಬೆಂಚಿನಲ್ಲಿ ಕೂರಬೇಕು. ಸೌಮ್ಯ ಒಳಗೆ ಹೋಗಿ ತನ್ನ ಸರದಿ ಕೇಳಿಕೊಂಡು, ಚೀಲ ತೆಗೆದುಕೊಳ್ಳಲು ಹೊರಗೆ ಬಂದಳು. ಬೆಂಚು ಖಾಲಿ ಇತ್ತು.

ಅಪ್ಪ ಗಂಟಲಿಗೆ ಬಿಸಿನೀರು ಹುಡುಕಿಕೊಂಡು, ರಸ್ತೆಯ ಅಡಿಯ ಸುರಂಗದಾರಿಯಲ್ಲಿ ಆಚೆಗೆ ಹೋಗಿದ್ದರು. ನೀರು ಸಿಕ್ಕಿತು. ವಾಪಸು ಬರುವಾಗ ಸುರಂಗಕ್ಕೆ ಒಂದಕ್ಕಿಂತ ಹೆಚ್ಚು ಬಾಯಿಗಳಿದ್ದವು. ಹೊರಬಿದ್ದ ಜಾಗದಲ್ಲಿ ಕಚೇರಿಯೂ ಇಲ್ಲ, ಮರವೂ ಇಲ್ಲ. ದಾರಿ ಕೇಳಬೇಕೆಂದರೆ ಮಾತಿಲ್ಲ. ಅವರು ಎರಡೂ ಕೈ ಅಗಲಿಸಿ ವಿಮಾನದಂತೆ ವಾಲಿ ತೋರಿಸಿದರು, ವಿಮಾನದ ಆಫೀಸು ಎಲ್ಲಿ ಎಂಬ ಅರ್ಥದಲ್ಲಿ. ಜನ ಒಳ್ಳೆಯವರು. ಎಲ್ಲರೂ ವಿಮಾನ ನಿಲ್ದಾಣದ ಕಡೆಗೇ ಕೈ ತೋರಿಸಿದರು. ಆಟೋದವನೊಬ್ಬ ಅಯ್ಯೋ ಪಾಪವೆಂದು ಕಾಸು ತೆಗೆದುಕೊಳ್ಳದೆ ನಿಲ್ದಾಣದ ಬಾಗಿಲಿಗೇ ಬಿಟ್ಟುಹೋದ. ಅಲ್ಲಿದ್ದ ಕಾವಲಿನವನ ಮುಂದೆ ಇವರು ಮತ್ತೆ ಕೈ ಅಗಲಿಸಿ ನಿಂತರು. ತಪಾಸಣೆಗೆ ಇಷ್ಟು ವಿಧೇಯವಾಗಿ ನಿಂತವರನ್ನು ಕಂಡು ಮೆಚ್ಚಿದ ಅವನು ಮೈಯೆಲ್ಲ ತಡವಿ ನೋಡಿ, ಟಿಕೆಟ್ ಕೇಳಿ, ಇಲ್ಲವೆಂದು ತಲೆಯಾಡಿಸಿದಾಗ ಆಚೆ ಕಳಿಸಿದ.

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಅಪ್ಪಾಜಿ, ಎಲ್ಲಿದ್ದೀರಿ?" ಎಂದ ಕೂಡಲೇ ಸೌಮ್ಯಳಿಗೆ ತನ್ನ ಪ್ರಶ್ನೆಯ ತಪ್ಪು ಗೊತ್ತಾಯಿತು. ಆ ಕಡೆಯಿಂದ ವಾಹನಗಳ ಸದ್ದು, ವಿಮಾನ ನಿಲ್ದಾಣದ ಪ್ರಕಟಣೆ ಮತ್ತು ಏದುಸಿರು ಬಿಟ್ಟರೆ ಬೇರೇನೂ ಬರಲಿಲ್ಲ. ಒಳಗೆ ಹೆಸರುಗಳನ್ನು ಕೂಗುತ್ತಿದ್ದರು. ಚೀಲವಿಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಚೀಲ ಅಪ್ಪನ ಮೈಮೇಲಿದೆ, ಅಪ್ಪ ಎಲ್ಲಿದ್ದಾರೋ.

ಸೌಮ್ಯ ಒಮ್ಮೆ ಉಸಿರೆಳೆದುಕೊಂಡಳು. "ಕೇಳಿಸ್ತಿದ್ರ ಒಂದು ಸಲ ಬಡೀರಿ."

ಟಕ್.

"ಏರ್‌ಪೋರ್ಟ್ ಬಾಗಿಲ ಹತ್ರ ಇದ್ದೀರಾ?"

ಟಕ್.

"ಸರಿ. ದೊಡ್ಡ ರಸ್ತೆಗ ಬನ್ನಿ. ಬಂದ ಮೇಲೆ ಒಂದು ಬಡೀರಿ." ಅವಳು ಕಾದಳು. ಟಕ್. "ಈಗ ನನ್ನ ತಲೆ ಮೇಲೆ ಒಂದು ವಿಮಾನ ಬತ್ತಾ ಅದ. ನಿಮ್ ಕಡೆಗೇ ಇಳೀತದ. ಕಾಣಿಸ್ತಾ?"

ವಿಮಾನದ ಮೊರೆತ ಫೋನಿನಲ್ಲೂ ಕೇಳಿಸಿತು. ಟಕ್.

"ಅದು ಬಂದ ದಿಕ್ಕಿಗ ತಿರುಗಿ ನಿಂತ್ಕಳಿ. ಆ ಕಡೆಗೇ ನಡೀರಿ. ನಿಧಾನ. ರಸ್ತೆ ದಾಟಬೇಡಿ."

ಟಕ್ ಟಕ್.

"ದಾಟಿಬಿಟ್ರಾ?"

ಟಕ್.

"ಪರವಾಗಿಲ್ಲ. ಅಲ್ಲೇ ನಿಂತ್ಕಳಿ. ವಾಪಸು ದಾಟಕ್ಕ ಹೋಗಬೇಡಿ. ಹತ್ತಿರದಲ್ಲಿ ಕೆಳಗಿಳಿಯೋ ಮೆಟ್ಟಿಲು ಅದ್ಯಾ?"

ಟಕ್.

"ಇಳೀರಿ. ಎಡಗಡೆ ಗೋಡೆ ಹಿಡ್ಕಂಡೇ ಬನ್ನಿ. ಬೇರೆ ಬಾಯಿ ಕಂಡ್ರ ಹೋಗಬೇಡಿ, ಗೋಡೆ ಬಿಡಬೇಡಿ. ಗಾಬರಿ ಆಗ್ತಾ ಅದ್ಯಾ ಅಪ್ಪಾಜಿ?"

ಟಕ್. ತಕ್ಷಣವೇ ಅವಸರದಲ್ಲಿ ಟಕ್ ಟಕ್.

ಒಳಗಿನಿಂದ ಅವಳ ಹೆಸರು ಕೇಳಿಬಂತು. ಗೇಟಿನ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದ ಹಿರಿಯ ಹೆಂಗಸೊಬ್ಬರು ಅವಳನ್ನೇ ನೋಡುತ್ತಿದ್ದರು. ಸೌಮ್ಯಳ ಕಣ್ಣಲ್ಲಿ ನೀರಾಡುತ್ತಿತ್ತು. ದನಿ ಮಾತ್ರ ಗಾಬರಿಗೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಸಾಕಾ ಎಂದು ಕೇಳುವ ದನಿ.

"ಗೋಡೆ ಮುಗೀತಾ? ಮೆಟ್ಟಿಲು ಹತ್ತಿ. ಮರ ಕಾಣ್ತದ. ಮರದ ಪಕ್ಕ ನಾನಿದ್ದೀನಿ."

ಮೊದಲು ಬೋಳುತಲೆ ಕಂಡಿತು, ಆಮೇಲೆ ಚೀಲ, ಆಮೇಲೆ ಕಿವಿಗೆ ಒತ್ತಿಹಿಡಿದ ಫೋನ್. ಮಗಳು ಎದುರಿಗೇ ಇದ್ದರೂ ಶಿವಕುಮಾರಸ್ವಾಮಿಯವರು ಫೋನಿನ ಬೆನ್ನಿಗೆ ಕೊನೆಯದಾಗಿ ಒಂದು ಬಡಿದರು. ಅವಳು ಚೀಲ ತೆಗೆದುಕೊಂಡು ಒಳಗೆ ಓಡಿದಳು. ಹೆಸರು ಮೂರನೆಯ ಸಲ ಕೂಗುತ್ತಿದ್ದರು.

ಅವರು ಬೆಂಚಿನ ಮೇಲೆ ಕೂತು ಅತ್ತರು. ಇಪ್ಪತ್ತೆರಡು ವರ್ಷದಲ್ಲಿ ಮಗಳು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದ್ದು ಅದೇ ಮೊದಲು.

ದನಿ ಪರೀಕ್ಷೆಯ ಕೋಣೆಯಲ್ಲಿ ಮೂವರು ಕೂತಿದ್ದರು. ನಡುವೆ ಆ ಕಾಫಿ ಲೋಟದ ಹೆಂಗಸು. ಅವರು ಕೊಟ್ಟ ಪ್ಯಾರಾವನ್ನು ಸೌಮ್ಯ ಓದಿದಳು. ಎದ್ದು ಬಾಗಿಲ ಹತ್ತಿರ ಬಂದಾಗ ಆ ಹೆಂಗಸು ಇಂಗ್ಲಿಷಿನಲ್ಲಿ, "ನಿಮ್ಮ ಆ ವಿಮಾನ ಕ್ಷೇಮವಾಗಿ ಇಳಿಯಿತಾ?" ಎಂದು ಕೇಳಿದರಂತೆ. ಕನ್ನಡ ಬರುತ್ತಿತ್ತೋ, ಬರೀ ದನಿಯಿಂದಲೇ ತಿಳಿದುಕೊಂಡರೋ, ಸೌಮ್ಯಳಿಗೆ ಗೊತ್ತಾಗಲಿಲ್ಲ.

"ಇಳಿಯಿತು ಮೇಡಂ. ಹೊರಗೆ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ," ಎಂದಳಂತೆ.

ಆಮೇಲೆ ಅಮಲು ಪದಾರ್ಥದ ಪರೀಕ್ಷೆ, ಮನಸ್ಸಿನ ಪರೀಕ್ಷೆ, ದೇಹದ ಪರೀಕ್ಷೆ ಎಂದು ಇನ್ನೂ ಏನೇನೋ ನಡೆದವು. ಶಿವಕುಮಾರಸ್ವಾಮಿಯವರು ಯಾವುದಕ್ಕೂ ತರಬೇತಿ ಕೊಡಲು ಹೋಗಲಿಲ್ಲ. ದನಿ ವಾಪಸು ಬಂದಿತ್ತು, ಆದರೆ ಹಳೆಯದರ ಅರ್ಧದಷ್ಟು. ಡಾಕ್ಟರ ಔಷಧಿಯೆಂದು ಪುಟ್ಟಮ್ಮಣ್ಣಿ ಹೇಳುತ್ತಿದ್ದರು. ಬೆಂಗಳೂರಿಗೂ ಕೂತೇ ಮಾತಾಡುವುದನ್ನು ಕಂಡ ಚೆನ್ನಯ್ಯ, ಸಾಹುಕಾರರಿಗೆ ಇನ್ನೂ ಹುಷಾರಿಲ್ಲವೆಂದೇ ತಿಳಿದಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಸೌಮ್ಯ ಅಂಗಡಿಗೆ ಬಂದು ಫೋನನ್ನು ಅಪ್ಪನ ಮುಂದೆ ಹಿಡಿದಳು. ಆಯ್ಕೆಯಾದವರ ಹೆಸರುಗಳಲ್ಲಿ ಅವಳದೂ ಇತ್ತು. ಅವರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಟೀ ಅಂಗಡಿಯವರೆಲ್ಲ ಬಂದು ಬಾಗಿಲಿಗೆ ನಿಂತರು. ಆಗಲೇ ರಾಮಾಪುರದಿಂದ ಗುರುಬಸಮ್ಮನವರ ಫೋನ್ ಬಂತು.

"ಏನ್ಲಾ ಶಿವ್ಕುಮಾರ, ರೇಷ್ಮೆ ಅಂಗ್ಡಿಯೋರು ಇವತ್ತೂ ಕೇಳಿದ್ರು. ನಾನು ಅವ್ರಿಗೇನ್ಲಾ ಹೇಳ್ಲಿ? ನಮ್ ಕೂಸು ಪಾಸಾ?"

ಶಿವಕುಮಾರಸ್ವಾಮಿಯವರು ಬಾಯಿ ತೆರೆದರು. ಡಾಕ್ಟರು ಮಾತಾಡಬಹುದೆಂದು ಹೇಳಿ ತಿಂಗಳುಗಳಾಗಿದ್ದವು. ಗಂಟಲಿಗೆ ಏನೂ ಆಗಿರಲಿಲ್ಲ. ಆದರೂ ದನಿ ಬರಲಿಲ್ಲ. ಮಗಳನ್ನು ನೋಡಿದರು, ಮತ್ತೆ ಬಾಯಿ ತೆರೆದರು, ಕಣ್ಣಿನಿಂದ ನೀರು ಬಂತೇ ಹೊರತು ಮಾತು ಬರಲಿಲ್ಲ.

ಕೊನೆಗೆ ಫೋನಿನ ಬೆನ್ನಿಗೆ ಬೆರಳಿನಿಂದ ಬಡಿದರು. ಒಂದೇ ಸಲ.

ಅಕ್ಕನಿಗೆ ಅಷ್ಟೇ ಸಾಕಾಯಿತು. "ಉಘೇ ಮಾದಪ್ಪಾ ಉಘೇ!" ಎಂದು ಗುರುಬಸಮ್ಮನವರು ಕೂಗಿದ ರಭಸಕ್ಕೆ ಶಿವಕುಮಾರಸ್ವಾಮಿಯವರು ಫೋನನ್ನು ಕಿವಿಯಿಂದ ಒಂದು ಮಾರು ದೂರ ಹಿಡಿಯಬೇಕಾಯಿತು. ಫೋನ್ ಇಲ್ಲದಿದ್ದರೂ ಆ ಕೂಗು ರಾಮಾಪುರದಿಂದ ಯಳಂದೂರಿಗೆ ಕೇಳಿಸುತ್ತಿತ್ತು ಎಂದು ಚೆನ್ನಯ್ಯ ಇವತ್ತಿಗೂ ವಾದಿಸುತ್ತಾನೆ.